ಆಯಿಗೆ ಕೇಳದ ಕಪ್ಪೆ

ಹೋದ ವರ್ಷ ಮೃಗಶಿರ ಮಳೆ ಹಿಡಿದ ನಾಲ್ಕನೇ ದಿನ ಕಾರವಾರದಿಂದ ಊರಿಗೆ ಹೊರಟಿದ್ದೆ. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವಾಗಲೇ ಕತ್ತಲಾಯಿತು. ಮನೆ ಮುಟ್ಟಿ, ಕಾಲು ತೊಳೆದು, ಜಗುಲಿಯಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಿದ್ದೆ. ಆಯಿ ಕಷಾಯದ ಲೋಟ ತಂದಿಟ್ಟು, ಹೊರಗಿನ ಮಳೆ ನೋಡುತ್ತ ಹೇಳಿದಳು:

"ಈ ವರ್ಷ ಟಿಕ್ಕೆ ಕಪ್ಪೆ ಬೈಂದೇ ಇಲ್ಲೆ ನೋಡು ತಮಾ. ಮಳೆ ಹಿಡದು ನಾಕು ದಿನ ಆತು."

ಅವಳು ಹಾಗೆ ಹೇಳುವಾಗ ಅಂಗಳದಾಚೆಯ ದಾಸವಾಳದ ಬೇಲಿಯಲ್ಲಿ, ಕಂಚಿ ಗಿಡದಲ್ಲಿ, ತೋಟದ ಅಂಚಿನ ಕಾಫಿ ಗಿಡಗಳಲ್ಲಿ ಹತ್ತೋ ಹನ್ನೆರಡೋ ಟಿಕ್ಕೆ ಕಪ್ಪೆಗಳು ಒಂದರ ಹಿಂದೊಂದು ಕೂಗುತ್ತಿದ್ದವು. ಮಾಡಿನ ಹಂಚಿನ ಮೇಲೆ ಮಳೆಯ ಸದ್ದಿತ್ತು, ನಿಜ. ಆದರೆ ಆ ದನಿ ಮಳೆಯನ್ನು ಸೀಳಿಕೊಂಡು ಬರುವಂಥದ್ದು. ನಾನು ಹೂಂ ಅಂದುಬಿಟ್ಟೆ. ಆ ಹೊತ್ತಿಗೆ ಬೇರೆ ಏನೂ ತೋಚಲಿಲ್ಲ.

ಟಿಕ್ಕೆ ಕಪ್ಪೆ ಎನ್ನುವುದು ಊರು ಇಟ್ಟ ಹೆಸರಲ್ಲ, ಆಯಿ ಇಟ್ಟದ್ದು. ಅವಳ ಲೆಕ್ಕದಲ್ಲಿ ಮಳೆಗಾಲಕ್ಕೆ ನಾಲ್ಕು ಕಪ್ಪೆ. ಮೊದಲು ಗದ್ದೆ ಕಪ್ಪೆ. ಮೊದಲ ದೊಡ್ಡ ಮಳೆಗೆ ಮೈಯೆಲ್ಲ ಅರಿಸಿನ ಬಳಿದುಕೊಂಡಂತೆ ಹಳದಿಯಾಗಿ, ಗಂಟಲಿನ ಎರಡೂ ಕಡೆ ನೀಲಿ ಚೀಲ ಉಬ್ಬಿಸಿಕೊಂಡು ನಿಂತ ನೀರಿನಲ್ಲಿ ಗುಟುರು ಹಾಕುವ ಗಂಡುಗಳು. ಆಮೇಲೆ ಟಿಕ್ಕೆ ಕಪ್ಪೆ. ಹಗಲು ಯಾರ ಕಣ್ಣಿಗೂ ಬೀಳದ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಪೊದೆಗಪ್ಪೆ. ಮೂರನೆಯದು ಬಚ್ಚಲ ಕಪ್ಪೆ. ಹಂಡೆಯ ಹಿಂದೆ, ಸುಣ್ಣದ ಗೋಡೆಯ ಮೇಲೆ ಕಾಲಿನ ಬೆರಳುಗಳ ಬಟ್ಟಲುಗಳಿಂದ ಅಂಟಿಕೊಂಡು ಕೂರುವ ಕಂದು ಬಣ್ಣದ ಮರಗಪ್ಪೆ. ಸುಣ್ಣದ ಗೋಡೆಯ ಸಹವಾಸಕ್ಕಾಗಿಯೇ ಇದನ್ನು ಬ್ರಿಟಿಷರು ಚುನಾಮ್ ಕಪ್ಪೆ ಎಂದು ಕರೆದರು. ಕೊನೆಯದು ನೊರೆ ಕಪ್ಪೆ. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಜಾಲ, ಮರದಿಂದ ಮರಕ್ಕೆ ತೇಲಿ ಹಾರುವಂಥದ್ದು. 1870ರಲ್ಲಿ ಜರ್ಡನ್ ಎಂಬ ವೈದ್ಯ ಇದನ್ನು ಮಲಬಾರಿನ ಹೆಸರಿನಲ್ಲಿ ದಾಖಲಿಸಿದ. ಹೊಂಡದ ಮೇಲೆ ಬಾಗಿದ ಎಲೆಗಳಲ್ಲಿ ಇದು ನೊರೆಯ ಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ನೊರೆಯೊಳಗೇ ಹುಟ್ಟಿ, ಮಳೆಗೆ ನೊರೆ ಕರಗಿದಂತೆ ಕೆಳಗಿನ ನೀರಿಗೆ ಬೀಳುತ್ತವೆ. ಆಳುಗಳು ಸೊಪ್ಪು ಸವರುವಾಗ ಆ ಕೊಂಬೆ ಮುಟ್ಟದಂತೆ ಆಯಿ ಕಾವಲು ನಿಲ್ಲುತ್ತಿದ್ದಳು.

ಈ ನಾಲ್ಕನ್ನೂ ಅವಳು ಕಂಡು ಹೇಳುತ್ತಿರಲಿಲ್ಲ, ಕೇಳಿ ಹೇಳುತ್ತಿದ್ದಳು. ಸಣ್ಣವನಿದ್ದಾಗ ನನಗೆ ರಾತ್ರಿಯ ಸದ್ದೆಲ್ಲ ಒಂದೇ ಗದ್ದಲವಾಗಿತ್ತು. ಅವಳು ಪಕ್ಕದಲ್ಲಿ ಮಲಗಿ, ಇದು ಬೇಲಿಯದು, ಇದು ಕಂಚಿ ಗಿಡದ್ದು, ನಿನ್ನೆ ಇದ್ದ ಜಾಗದಲ್ಲೇ ಇದೆ ನೋಡು ಎಂದು ಒಂದೊಂದನ್ನೇ ಬಿಡಿಸಿ ತೋರಿಸಿದಳು. ಕಿವಿಯಿಂದ ಬೊಟ್ಟು ಮಾಡಿ ತೋರಿಸುವುದು ಅಂದರೆ ಅದೇ ಇರಬೇಕು. ಅಂಥವಳಿಗೆ ಈಗ ಟಿಕ್ಕೆ ಕಪ್ಪೆ ಬಂದಿಲ್ಲ.

ಕಿವಿಯ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಒಳಗಿವಿಯಲ್ಲಿ ಶಂಖದ ಸುರುಳಿಯಂಥದ್ದೊಂದು ಇದೆ. ಅದರ ಬುಡ ಎತ್ತರದ ಸ್ವರಕ್ಕೆ, ತುದಿ ತಗ್ಗಿನ ಸ್ವರಕ್ಕೆ. ವಯಸ್ಸಾದಂತೆ ಬುಡದ ಕಡೆಯ ಕೂದಲಿನಂಥ ಕೋಶಗಳು ಮೊದಲು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಪೊದೆಗಪ್ಪೆಯ ಟಿಕ್ಕು ಸೆಕೆಂಡಿಗೆ ಎರಡು ಸಾವಿರ ಕಂಪನ ಮೀರಿದ ಎತ್ತರದ ದನಿ. ಗದ್ದೆ ಕಪ್ಪೆಯ ಗುಟುರು ಕೆಳಗಿನದು, ಹಾಗಾಗಿ ಅದು ಆಯಿಗೆ ಇಂದಿಗೂ ಕೇಳುತ್ತದೆ. ಅವಳ ಮಳೆಗಾಲ ಮೇಲಿನಿಂದ ಕತ್ತರಿಸಿಕೊಂಡು ಬಂದಿತ್ತು, ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಫೋನಿನಲ್ಲಿ ನನ್ನ ಮಾತು ಕೇಳುತ್ತದಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

ಕಪ್ಪೆಗಳಲ್ಲಿ ಆ ಕೋಶಗಳು ಸತ್ತರೂ ಮತ್ತೆ ಹುಟ್ಟುತ್ತವೆ ಎಂದು ಆಮೇಲೆ ಓದಿದೆ. ಅಂದಿನಿಂದ ಕಪ್ಪೆಯ ಕಿವಿಯ ವಿಷಯ ನನ್ನನ್ನು ಬಿಡಲಿಲ್ಲ.

ಕಪ್ಪೆ ಕೂಗುವುದು ಎಂದಾಗ ನಾವು ಗಂಟಲನ್ನಷ್ಟೇ ನೋಡುತ್ತೇವೆ. ಬಾಯಿ ಮುಚ್ಚಿ, ಮೂಗಿನ ಹೊಳ್ಳೆ ಮುಚ್ಚಿ, ಶ್ವಾಸಕೋಶದ ಗಾಳಿಯನ್ನು ಪಕ್ಕೆಯ ಸ್ನಾಯುಗಳಿಂದ ಒತ್ತಿ ಗಂಟಲ ಚೀಲಕ್ಕೆ ತಳ್ಳುತ್ತದೆ. ನಡುವೆ ಧ್ವನಿತಂತು ಕಂಪಿಸುತ್ತದೆ. ಗಾಳಿ ಹೊರಗೆ ಹೋಗುವುದೇ ಇಲ್ಲ, ಒಳಗೊಳಗೇ ಹೋಗಿಬಂದು ಮಾಡುತ್ತದೆ. ರಾತ್ರಿಯಿಡೀ ಹೀಗೆ ಕೂಗುವುದು ಆ ಪುಟ್ಟ ದೇಹಕ್ಕೆ ಮೈಮುರಿಯುವ ದುಡಿಮೆ. ಗಂಡಿನ ಪಕ್ಕೆಯ ಸ್ನಾಯು ಹೆಣ್ಣಿನದಕ್ಕಿಂತ ಎಷ್ಟೋ ದಪ್ಪ, ಅದರಲ್ಲಿ ಉರಿಸಲು ಕೂಡಿಟ್ಟ ಕೊಬ್ಬು ಬೇರೆ. ಇಷ್ಟೆಲ್ಲ ಬಾಯಿಯ ಕಡೆಯ ಕತೆ. ನನಗೆ ಬೇಕಿದ್ದದ್ದು ಕಿವಿಯ ಕಡೆಯದು.

ಪೋರ್ಟೊ ರಿಕೊ ದ್ವೀಪದಲ್ಲಿ ಕೊಕಿ ಎಂಬ ಮರಗಪ್ಪೆಯಿದೆ. ಕೂಗೇ ಅದರ ಹೆಸರು: ಮೊದಲು ತಗ್ಗಿನ 'ಕೊ', ಹಿಂದೆಯೇ ಎತ್ತರದ 'ಕೀ'. ನರಿನ್ಸ್ ಮತ್ತು ಕಪ್ರಾನಿಕಾ ಎಂಬ ಇಬ್ಬರು ಸಂಶೋಧಕರು ಈ ಕೂಗನ್ನು ತುಂಡು ಮಾಡಿ, ಕೊ ಒಂದನ್ನೇ, ಕೀ ಒಂದನ್ನೇ ಕಪ್ಪೆಗಳಿಗೆ ಕೇಳಿಸಿ ನೋಡಿದರು. 1976ರಲ್ಲಿ ಪ್ರಕಟಿಸಿದರು. ಗಂಡುಗಳು 'ಕೊ'ಗೆ ಉತ್ತರ ಕೊಟ್ಟವು, ಹೆಣ್ಣುಗಳು 'ಕೀ' ಬಂದ ಕಡೆ ನಡೆದವು. ಒಂದೇ ಕೂಗಿನಲ್ಲಿ ಎರಡು ಮಾತು. ಇನ್ನೊಂದು ಗಂಡಿಗೆ: ಇದು ನನ್ನ ಜಾಗ, ಆಚೆ ಇರು. ಹೆಣ್ಣಿಗೆ: ಇಲ್ಲಿದ್ದೇನೆ, ಬಾ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ, ಅವುಗಳ ಕಿವಿಯ ನರಗಳೇ ಹಾಗೆ ಪಾಲಾಗಿದ್ದವು ಎಂಬುದು. ಎತ್ತರದ 'ಕೀ'ಗೆ ಹೆಣ್ಣಿನ ಕಿವಿ ಹೆಚ್ಚು ಚುರುಕು. ಒಂದೇ ಮರದ ಕೆಳಗೆ ಕೂತ ಗಂಡು ಹೆಣ್ಣು ಎರಡೂ ಒಂದೇ ಕೂಗನ್ನು ಕೇಳುತ್ತಿಲ್ಲ.

ಇದೇ ಕೊಕಿ ಗಿಡಗಳ ಕುಂಡಗಳ ಜೊತೆ ಹವಾಯಿಗೆ ಹೋಗಿ ಸೇರಿತು. ಪೋರ್ಟೊ ರಿಕೊದ ಜನಕ್ಕೆ ಅದು ತಾಯ್ನೆಲದ ಗುರುತು, ಅದರ ಕೂಗಿಲ್ಲದೆ ನಿದ್ದೆ ಬಾರದು. ಹವಾಯಿಯಲ್ಲಿ ಅದೇ ಕೂಗು ಪಿಡುಗು, ಓಡಿಸಲು ಸರಕಾರವೇ ನಿಂತಿದೆ. ಕಾರವಾರದ ನಮ್ಮ ವಠಾರದಲ್ಲೂ ಮಳೆಗಾಲದಲ್ಲಿ ಕಿಟಕಿ ಹಾಕಿಕೊಂಡು "ಕಪ್ಪೆ ಕಾಟ" ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ರಾತ್ರಿ ಪಕ್ಕದಲ್ಲಿ ಮಲಗಿ ಒಂದೊಂದನ್ನೇ ಬಿಡಿಸಿ ಹೇಳುವವರು ಇರಲಿಲ್ಲ.

ಗಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ತೋಟದ ಗಡಿಗೆ ಅಗಳ ತೋಡುತ್ತೇವೆ, ಬೇಲಿ ಕಟ್ಟುತ್ತೇವೆ, ಕೊನೆಗೆ ಸರ್ವೆಯವರನ್ನು ಕರೆಸುತ್ತೇವೆ. ಮರಗಪ್ಪೆಗೆ ಗಡಿ ಎಂದರೆ ದನಿಯ ಜೋರು. ಪಕ್ಕದವನ ಕೂಗು ಒಂದು ಮಟ್ಟದವರೆಗೆ ಕೇಳಿದರೆ ಅವನು ನೆರೆಯವನು, ಆ ಮಟ್ಟ ಮೀರಿದರೆ ಒಳಗೆ ಬಂದವನು. ಆಗ ಕೂಗು ಬದಲಾಗುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಪುಟ್ಟ ಮರಗಪ್ಪೆಗಳಲ್ಲಿ ರೋಸ್ ಮತ್ತು ಬ್ರೆನೊವಿಟ್ಜ್ ಇದನ್ನು ಅಳೆದು ತೋರಿಸಿದ್ದಾರೆ. ಗಂಡು ಸುತ್ತಲಿನವರ ಜೋರಿಗೆ ತಕ್ಕಂತೆ ತನ್ನ ತಾಳ್ಮೆಯ ಮಿತಿಯನ್ನೇ ಏರಿಸಿಕೊಳ್ಳುತ್ತದೆ, ಇಳಿಸಿಕೊಳ್ಳುತ್ತದೆ. ಜಾಗ ಇಕ್ಕಟ್ಟಾದರೆ ಹೆಚ್ಚು ಸಹಿಸುತ್ತದೆ.

ನಮ್ಮ ಕಾಫಿ ಗಿಡದಲ್ಲಿ ನಾನು ಇದನ್ನು ನೋಡಿದ್ದು ಹೋದ ವರ್ಷ ಆರ್ದ್ರಾ ಮಳೆಯಲ್ಲಿ. ಬ್ಯಾಟರಿಯ ಮುಖಕ್ಕೆ ಕೆಂಪು ಜಿಲೇಟಿನ್ ಕಾಗದ ಕಟ್ಟಿಕೊಂಡು ಹೋಗಿದ್ದೆ. ಬಿಳಿ ಬೆಳಕು ಬಿದ್ದರೆ ಬಾಯಿ ಮುಚ್ಚುವ ಕಪ್ಪೆ ಮಂದ ಕೆಂಪು ಬೆಳಕನ್ನು ಅಷ್ಟು ಲೆಕ್ಕಕ್ಕಿಡುವುದಿಲ್ಲ. ಸೊಂಟದೆತ್ತರದ ಎಲೆಯ ಮೇಲೆ ಒಂದು ಕೂತು ಟಿಕ್, ಟಿಕ್ ಎನ್ನುತ್ತಿತ್ತು. ಎರಡು ಮೊಳ ಆಚೆ, ಅದೇ ಗಿಡದಲ್ಲಿ, ಇನ್ನೊಂದು ಶುರುಮಾಡಿತು. ಮೊದಲಿನದು ಸುಮ್ಮನಾಯಿತು. ಮೈ ತಿರುಗಿಸಿ ಆ ಕಡೆ ಮುಖ ಮಾಡಿತು. ಆಮೇಲೆ ಅದರಿಂದ ಹೊರಟದ್ದು ಟಿಕ್ ಅಲ್ಲ, ಗರಗಸ ಎಳೆದಂಥ ಟಿರ್ರ್. ಆಚೆಯದೂ ಹಾಗೇ ಅಂದಿತು. ಐದಾರು ಸಲ ಹೀಗೆ ನಡೆದ ಮೇಲೆ ಆಚೆಯದು ಒಂದು ಜಿಗಿತಕ್ಕೆ ಪಕ್ಕದ ಗಿಡಕ್ಕೆ ಹೋಗಿ, ಅಲ್ಲಿಂದ ಶಾಂತವಾಗಿ ಟಿಕ್ ಎಂದಿತು. ಈಚೆಯದೂ ಟಿಕ್ ಎಂದಿತು. ನನ್ನ ಕಾಲಿಗೆ ಮೂರು ಉಂಬಳ ಹತ್ತಿದ್ದು ಮನೆಗೆ ಬಂದ ಮೇಲೆ ಕಂಡಿತು.

ಅದೇ ವಾರ ಬಚ್ಚಲಿನ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಇನ್ನೊಂದು ಬಗೆ ಕಂಡೆ. ತೊಟ್ಟಿಯ ಅಂಚಿನಲ್ಲಿ ಒಂದು ಬಚ್ಚಲ ಕಪ್ಪೆ ಟಕ್ ಟಕ್ ಎಂದು ಕೂಗುತ್ತಿತ್ತು. ಗೇಣು ದೂರದಲ್ಲಿ ಅಷ್ಟೇ ದೊಡ್ಡ ಇನ್ನೊಂದು ತಲೆ ತಗ್ಗಿಸಿ, ಮೈ ಕುಗ್ಗಿಸಿ, ಒಂದು ಸದ್ದಿಲ್ಲದೆ ಕೂತಿತ್ತು. ಮರಗಪ್ಪೆಗಳಲ್ಲಿ ಇಂಥ ಮೌನಿಗಳಿರುತ್ತವೆ. ಕೂಗುವವನ ಹತ್ತಿರ ಅಡಗಿ ಕೂತು, ಅವನ ದನಿ ಕೇಳಿ ಬರುವ ಹೆಣ್ಣನ್ನು ದಾರಿಯಲ್ಲೇ ತಡೆಯುತ್ತವೆ. ಇದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ಕೂಗುವುದರಲ್ಲಿ ಅಪಾಯವೂ ಇದೆಯಲ್ಲ. ಎರಡು ವರ್ಷದ ಹಿಂದೆ ಅದೇ ಬೇಲಿಯಲ್ಲಿ ಮಲಬಾರ್ ಗುಳಿಮಂಡಲ ಹಾವೊಂದು ಸತತ ಮೂರು ರಾತ್ರಿ ಒಂದೇ ಕೊಂಬೆಗೆ ಸುತ್ತಿಕೊಂಡು ಕಾದಿತ್ತು. ಕೂಗದೆ ಇರುವುದೂ ಬದುಕುವ ಒಂದು ದಾರಿ.

ಆ ತೊಟ್ಟಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕೊಳೆ ರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ನಮ್ಮಲ್ಲಿ ಅದರ ಪಕ್ಕದ ಡ್ರಮ್ಮಿನಲ್ಲೇ ತಯಾರಾಗುವುದು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಎಂಬ ತಾಮ್ರದ ಲವಣ, 1 ಕೆ.ಜಿ. ಸುಣ್ಣ. ಕೆಲಸ ಮುಗಿದ ಮೇಲೆ ತಳದಲ್ಲಿ ನೀಲಿ ನೀರು ಉಳಿಯುತ್ತದೆ, ಮೇಲೆ ಮಳೆನೀರು ತುಂಬುತ್ತದೆ. ಬಚ್ಚಲ ಕಪ್ಪೆಗೆ ಅದು ಹೊಂಡವೇ. ಡ್ರಮ್ಮಿನ ಒಳಗೋಡೆಗೆ ನೊರೆ ಗೂಡು ಕಟ್ಟುತ್ತದೆ. ಕೆಳಗೆ ಬಿದ್ದ ಗೊದಮೊಟ್ಟೆಗಳಿಗೆ ತಾಮ್ರ ವಿಷ. ಒಂದು ವರ್ಷ ಡ್ರಮ್ಮಿನ ತಳದಲ್ಲಿ ಕರಿ ಎಳ್ಳು ಚೆಲ್ಲಿದಂತೆ ಸತ್ತು ಬಿದ್ದಿದ್ದವು. ಮದ್ದು ಹೊಡೆಯದೆ ಅಡಿಕೆ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಡ್ರಮ್ಮು ತೊಳೆದು ಬೋರಲು ಹಾಕಲು ಐದು ನಿಮಿಷ ಸಾಕು. ಈಗ ನಮ್ಮಲ್ಲಿ ಹಾಗೆ ಮಾಡುತ್ತೇವೆ. ಓದುವವರಲ್ಲಿ ತೋಟದವರಿದ್ದರೆ ದಯವಿಟ್ಟು ನೀವೂ ಮಾಡಿ.

ಟಿಕ್ಕೆ ಕಪ್ಪೆಗೆ ಈ ನೀರಿನ ಗೋಜಿಲ್ಲ. ಅದರ ಮೊಟ್ಟೆಯಿಂದ ಗೊದಮೊಟ್ಟೆ ಬರುವುದೇ ಇಲ್ಲ. ಬಾಲದ ಹಂತವೆಲ್ಲ ಮೊಟ್ಟೆಯೊಳಗೇ ಕಳೆದು, ಅಕ್ಕಿಕಾಳಿನಷ್ಟು ಪೂರ್ಣ ಕಪ್ಪೆಯೇ ಹೊರಗೆ ಬರುತ್ತದೆ. ಅದಕ್ಕೇ ಅದು ಹೊಂಡ ಹುಡುಕದೆ ಬೇಲಿಯಲ್ಲಿ, ಅಂಗಳದ ಗಿಡದಲ್ಲಿ, ನಮ್ಮ ಮಲಗುವ ಕೋಣೆಯ ಕಿಟಕಿಗೆ ತಾಗಿ ಕೂಗುವುದು. ಆಯಿಗೆ ಅದು ಅಷ್ಟು ಆಪ್ತವಾದದ್ದೂ ಅದಕ್ಕೇ. ಇವುಗಳ ಗುಂಪಿಗೆ ವಿಜ್ಞಾನಿಗಳು 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೊಸ ಕುಲದ ಹೆಸರು ಕೊಟ್ಟರು. ಆ 'ರಾವ್' ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ದಕ್ಷಿಣ ಭಾರತದ ಕಪ್ಪೆಗಳನ್ನು ಅಭ್ಯಾಸ ಮಾಡಿದ ಸಿ. ಆರ್. ನಾರಾಯಣ ರಾವ್. ಈ ಕುಲದ ಒಂದು ಕಪ್ಪೆಯನ್ನು 1919ರಲ್ಲಿ ಪ್ರಾಣಿಶಾಸ್ತ್ರಜ್ಞ ಆನಂಡೇಲ್ ದಾಖಲಿಸಿದ್ದು ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್‌ನಿಂದ. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಾಗಾಗಿ ಜೋಯಿಡಾ ಕಾಡಿನ ಕಪ್ಪೆಗೆ ಬಾಂಬೆಯ ಹೆಸರು ಅಂಟಿತು.

ಅಪ್ಪಯ್ಯ ಇದ್ದಾಗ ಮಳೆಗಾಲದ ಸಂಜೆ ಋಗ್ವೇದದ ಮಂಡೂಕ ಸೂಕ್ತ ಹೇಳುವುದಿತ್ತು. ಏಳನೇ ಮಂಡಲದ್ದು. ವರ್ಷವಿಡೀ ವ್ರತ ಹಿಡಿದ ಬ್ರಾಹ್ಮಣರಂತೆ ಸುಮ್ಮನಿದ್ದ ಕಪ್ಪೆಗಳು ಮಳೆ ಬಂದೊಡನೆ ದನಿ ತೆರೆಯುತ್ತವೆ, ಗುರು ಹೇಳಿದ್ದನ್ನು ಶಿಷ್ಯ ಹೇಳಿದಂತೆ ಒಂದರ ಮಾತನ್ನು ಇನ್ನೊಂದು ಹೇಳುತ್ತದೆ ಎಂಬ ಅರ್ಥ ಅದರಲ್ಲಿದೆ. ಒಂದು ಹಸುವಿನಂತೆ ಕೂಗುತ್ತದೆ, ಒಂದು ಆಡಿನಂತೆ. ಒಂದು ಚುಕ್ಕೆಯದು, ಒಂದು ಹಸಿರು. ಸಣ್ಣವನಿದ್ದಾಗ ಬಾಯಿಪಾಠ ಮಾಡಿದ್ದೆ, ಅಷ್ಟೆ. ಈಗ ಅನಿಸುತ್ತದೆ, ಅದನ್ನು ಕಟ್ಟಿದವನು ಯಾವುದೋ ನೀರಿನ ದಂಡೆಯಲ್ಲಿ ಕೂತು ಗದ್ದಲವನ್ನು ಆಯಿಯಂತೆಯೇ ಒಂದೊಂದಾಗಿ ಬಿಡಿಸಿ ಕೇಳಿದ್ದಾನೆ. ಒಂದರ ಹಿಂದೊಂದು ಎಂಬುದು ನಿಖರ. ಪಕ್ಕದ ಗಂಡುಗಳು ಒಂದರ ಕೂಗಿನ ಮೇಲೆ ಇನ್ನೊಂದು ಬೀಳದಂತೆ ಸಂದು ನೋಡಿ ಕೂಗುತ್ತವೆ. ಗುರು ಶಿಷ್ಯರಿದ್ದಾರೋ ಇಲ್ಲವೋ, ಕೂಗು ಮುಚ್ಚಿಹೋದರೆ ಕೇಳುವವಳಿಗೆ ಗುರುತು ಸಿಗುವುದಿಲ್ಲ.

ಕೇಳುವವಳು. ಹೆಣ್ಣು ಕಪ್ಪೆ ಬಹುಮಟ್ಟಿಗೆ ಮೌನಿ. ಕತ್ತಲಲ್ಲಿ, ಮಳೆಯಲ್ಲಿ, ಹತ್ತು ಜಾತಿಯ ನೂರು ಗಂಡುಗಳ ಗಲಾಟೆಯ ನಡುವೆ ತನ್ನ ಜಾತಿಯದನ್ನು, ಅದರಲ್ಲೂ ತನಗೆ ಹಿಡಿಸಿದ್ದನ್ನು ಅವಳು ಆರಿಸಬೇಕು. ಅಮೆರಿಕದ ಹಸಿರು ಮರಗಪ್ಪೆಯಲ್ಲಿ ಇದಕ್ಕೆ ಒಂದು ಉಪಾಯ ಸಿಕ್ಕಿದೆ. 2021ರಲ್ಲಿ ಪ್ರಕಟವಾದದ್ದು. ಗಾಳಿ ತುಂಬಿದ ಅವಳ ಶ್ವಾಸಕೋಶ ಒಳಗಿನಿಂದ ಕಿವಿಯ ತಮಟೆಯ ಮೇಲೆ ಕೆಲಸ ಮಾಡಿ, ಬೇರೆ ಜಾತಿಗಳ ಸ್ವರದ ಪಟ್ಟಿಯನ್ನು ಮಾತ್ರ ತಗ್ಗಿಸುತ್ತದೆ. ತನ್ನವರ ಸ್ವರ ಹಾಗೇ ಉಳಿಯುತ್ತದೆ. ಉಸಿರು ತುಂಬಿಕೊಂಡರೆ ಸಂತೆಯ ಗದ್ದಲ ಹಿಂದೆ ಸರಿಯುತ್ತದೆ!

ಇದನ್ನು ಓದಿದ ದಿನ ನಾನು ಆಯಿಯ ಶ್ರವಣಯಂತ್ರವನ್ನು ನೆನೆದು ಬಹಳ ಹೊತ್ತು ಕೂತಿದ್ದೆ. ಸಾಲ ಮಾಡಿ ತಂದದ್ದು. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆ ಬಂತೆಂದರೆ ಹಂಚಿನ ಸದ್ದು, ದಬ್ಬೆಯಿಂದ ಬೀಳುವ ನೀರಿನ ಸದ್ದು, ಪಾತ್ರೆಯ ಸದ್ದು ಎಲ್ಲವನ್ನೂ ಒಟ್ಟಿಗೆ ಹೊತ್ತು ತಂದು ಅವಳ ತಲೆಯೊಳಗೆ ಸುರಿಯುತ್ತದೆ. ಅವಳು ಅದನ್ನು ತೆಗೆದು ದೇವರ ಕೋಣೆಯ ಗೂಡಿನಲ್ಲಿಡುತ್ತಾಳೆ. ಮಳೆಗಾಲದ ನಾಲ್ಕು ತಿಂಗಳು ಅದು ಅಲ್ಲೇ.

ಒಂದು ಉಪಾಯ ಸಿಕ್ಕಿದ್ದು ಕತ್ತಲೆಕಾನಿನಲ್ಲಿ. ಸಿದ್ದಾಪುರ ತಾಲೂಕಿನ ಆ ಕಾನಿನ ರಾಮಪತ್ರೆ ಜಡ್ಡಿಗಳ, ಅಂದರೆ ರಾಮಪತ್ರೆ ಮರಗಳ ಜೌಗು ಕಾಡಿನ, ಬಗ್ಗೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಮೊಟ್ಟೆಗಳ ಮೇಲೆ ಮುಂಗೈಯಿಂದ ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ್ದು ಅಲ್ಲಿಂದಲೇ. ನಾನು ಹೋದದ್ದು ಕುಣಿಯುವ ಕಪ್ಪೆ ನೋಡಲು. ಹಳ್ಳದ ಬಂಡೆಗಳ ಮೇಲೆ ಅವು ಕೂತಿರುತ್ತವೆ. ನೀರಿನ ಮೊರೆತ ಎಷ್ಟೆಂದರೆ ಪಕ್ಕದಲ್ಲಿ ನಿಂತವರ ಮಾತು ಕೇಳದು. ಗಂಡು ಕೂಗುತ್ತದೆ, ಕೂಗಿನ ಜೊತೆಗೆ ಹಿಂಗಾಲನ್ನು ನೀಳವಾಗಿ ಚಾಚಿ, ಪಾದದ ಬಿಳಿ ಜಾಲವನ್ನು ಬಾವುಟದಂತೆ ಬಿಡಿಸಿ ತೋರಿಸುತ್ತದೆ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಆಚೆ ಬಂಡೆಯವನೂ ಹಾಗೇ. ಕಿವಿಗೆ ಮುಟ್ಟದ್ದನ್ನು ಕಣ್ಣಿಗೆ ಮುಟ್ಟಿಸುವುದು. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಆಯಿಯದೇ ಯೋಚನೆ.

ಪುನರ್ವಸು ಮಳೆಯ ಒಂದು ರಾತ್ರಿ, ಊಟವಾದ ಮೇಲೆ, ಅವಳನ್ನು ಅಂಗಳಕ್ಕೆ ಕರೆದೆ. ಜಾರುತ್ತದೆ ಎಂದು ಮೊದಲು ಒಪ್ಪಲಿಲ್ಲ. ಕೊಡೆ ನಾನು ಹಿಡಿದೆ, ಅವಳು ನನ್ನ ತೋಳು ಹಿಡಿದಳು. ದಾಸವಾಳದ ಬೇಲಿಯವರೆಗೆ ಇಪ್ಪತ್ತು ಹೆಜ್ಜೆ ಹೋಗಲು ಐದು ನಿಮಿಷ ಬೇಕಾಯಿತು. ಮೊದಲೇ ಗುರುತಿಟ್ಟಿದ್ದ ಎಲೆಯ ಮೇಲೆ ಕೆಂಪು ಬೆಳಕು ಬಿಟ್ಟೆ.

ಅದು ಅಲ್ಲೇ ಕೂತಿತ್ತು. ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಗಂಟಲ ಚೀಲ ಉಬ್ಬಿತು, ಅದರ ತಲೆಗಿಂತ ದೊಡ್ಡದಾಗಿ, ನೀರಗುಳ್ಳೆಯಂತೆ ಪಾರದರ್ಶಕವಾಗಿ, ಬೆಳಕು ಅದರೊಳಗಿಂದ ಹಾದುಹೋಯಿತು. ತಗ್ಗಿತು, ಉಬ್ಬಿತು. ನನಗೆ ಪ್ರತಿ ಸಲವೂ ಟಿಕ್ ಕೇಳುತ್ತಿತ್ತು. ಆಯಿ ಬಾಗಿ ನೋಡಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮುಂಗೈ ಮೇಲಿದ್ದ ಅವಳ ಬೆರಳು ಚೀಲ ಉಬ್ಬಿದಾಗಲೆಲ್ಲ ಒಮ್ಮೆ ತಟ್ಟತೊಡಗಿತು. ಮೊದಲು ತುಸು ತಡವಾಗಿ, ಆಮೇಲೆ ಸರಿಯಾಗಿ ಅದರ ಜೊತೆಗೇ.

"ಬೈಂದಲ," ಅಂದಳು.

ಬಂದು ತಿಂಗಳಾಯಿತು ಆಯಿ, ಎಂದು ನಾನು ಅವಳ ಕಿವಿಯ ಹತ್ತಿರ ಜೋರಾಗಿ ಹೇಳಿದೆ. ಕಪ್ಪೆ ಬೆದರಿ ಸುಮ್ಮನಾಯಿತು.

"ಬ್ಯಾಟ್ರಿ ಆರ್ಸು ತಮಾ. ಅದಕ್ಕೆ ಕೆಲಸ ಇದ್ದು."

ಆರಿಸಿದೆ. ಕತ್ತಲಲ್ಲಿ ಮಳೆ ಕೊಡೆಯ ಮೇಲೆ ಬೀಳುತ್ತಿತ್ತು. ಅವಳ ಬೆರಳು ಮಾತ್ರ ನನ್ನ ಮುಂಗೈ ಮೇಲೆ ಅದೇ ಲಯದಲ್ಲಿ ತಟ್ಟುತ್ತಲೇ ಇತ್ತು. ಬೇಲಿಯದು ಇನ್ನೂ ಬಾಯಿ ಬಿಟ್ಟಿರಲಿಲ್ಲ, ಹಿಂದಿನಿಂದ ಕಂಚಿ ಗಿಡದ್ದು ಶುರುಮಾಡಿತು.